ಗಲ್ಲಾ ಸರ್ಕಾರ ಬಿದ್ದ ಮಧ್ಯಾಹ್ನ

ಇದನ್ನು ನೀವು ನಂಬುವುದಿಲ್ಲ. ನಮ್ಮ ಬಿಲ್ಡಿಂಗಿನಲ್ಲೂ ಯಾರೂ ನಂಬಿಲ್ಲ. ಮಲಾಡ್ ಸ್ಟೇಷನ್ ಪಕ್ಕದ ನಮ್ಮ ಹೋಟೆಲಿನಲ್ಲಿ, ಊಟದ ಗಿರಾಕಿಗಳು ಎದ್ದುಹೋಗಿ ಸಂಜೆಯ ಚಾ ಶುರುವಾಗುವ ಮೊದಲು, ದೇಶದ ಪ್ರಧಾನಮಂತ್ರಿ ಅಧಿಕಾರ ಕಳೆದುಕೊಂಡರು. ಆ ಪ್ರಧಾನಮಂತ್ರಿ ನಾನು.

ಎಲ್ಲದಕ್ಕೂ ಮೂಲ ಹನ್ನೆರಡನೇ ಕ್ಲಾಸಿನ ರಾಜ್ಯಶಾಸ್ತ್ರ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಿಶ್ವಾಸ ನಿರ್ಣಯದ ಪ್ರಶ್ನೆಗೆ ನಾನು ಬರೆದ ಉತ್ತರಕ್ಕೆ ಕಾಲೇಜಿನ ಕಾಗದವೇ ಸಾಲಲಿಲ್ಲ. ಒಂದೇ ಒಂದು ಸಣ್ಣ ತಪ್ಪಾಗಿತ್ತು: ಸರ್ಕಾರವನ್ನು ರಾಜ್ಯಸಭೆಯಲ್ಲಿ ಉರುಳಿಸಿದ್ದೆ. ಅದನ್ನು ಲೋಕಸಭೆಯಲ್ಲಿ ಮಾತ್ರ ಉರುಳಿಸಬಹುದಂತೆ. ಫೇಲಾದವರಿಗೆ ದೀಪಾವಳಿ ರಜೆ ಮುಗಿದ ದಿನ ಮೌಖಿಕ ಪರೀಕ್ಷೆ, ಅದೇ ಕೊನೆಯ ಅವಕಾಶ ಎಂದು ಮಿಸ್ ಹೇಳಿದರು.

ಅಪ್ಪನ ತೀರ್ಪು ಇನ್ನೂ ಚಿಕ್ಕದು. "ಆರ್ಟ್ಸೇ ಬೇಕು ಅಂತ ಕೂಗಿದ್ದು ನೀನಲ್ವಾ? ಅದ್ರಲ್ಲೂ ಫೇಲಾದ್ರೆ ಮತ್ತೆಂತ ಕಾಲೇಜು ಮಾರಾಯ? ಬಂದು ಗಲ್ಲಾದಲ್ಲಿ ಕೂತ್ಕೋ."

ರಜೆಯಿಡೀ ಗಲ್ಲಾದಲ್ಲೇ ಕೂತೆ. ಪುಸ್ತಕ ತೆರೆದರೆ ಸಾಕು, ಮುಂಬೈಯ ಅರ್ಧ ಜನ ಬಿಲ್ಲು ಹಿಡಿದು ಎದುರು ನಿಲ್ಲುತ್ತಿದ್ದರು. ನಾಳೆ ಮೌಖಿಕ ಎನ್ನುವಾಗ ನನ್ನ ತಲೆಯಲ್ಲಿದ್ದುದು ಒಂದೇ ಜ್ಞಾನ: ರಾಜ್ಯಸಭೆ ಅಲ್ಲ. ಮೌಖಿಕದಲ್ಲೂ ಬಿದ್ದರೆ ಗಲ್ಲಾದ ಈ ಕುರ್ಚಿ ನನಗೆ ಜೀವಾವಧಿ.

ಓದಲಾಗದಿದ್ದರೆ ಆಡಿ ಕಲಿಯೋಣ ಎಂದುಕೊಂಡು ಬೆಂಚುಗಳ ಮೇಲೆ ಅಡ್ಡಾಗಿದ್ದ ಕೆಲಸದವರನ್ನೆಲ್ಲ ಎಬ್ಬಿಸಿ ಲೋಕಸಭೆ ಮಾಡಿದೆ. ಅಡುಗೆಯ ಭಟ್ಟರು ಸ್ಪೀಕರ್. ಕೈಯಲ್ಲಿ ಸೌಟು, ಮುಂದೆ ಖಾಲಿ ಸಾಂಬಾರಿನ ಪಾತ್ರೆ. ಪಕ್ಷಗಳು ತಾವಾಗಿಯೇ ಆದವು. ಫ್ಯಾನುಗಳ ಸ್ವಿಚ್ಚುಗಳು ಇರುವುದು ಗಲ್ಲಾದ ಕೆಳಗೆ. ಅಪ್ಪನಿಗೆ ಖುಷಿಯಾಗಲಿ ಎಂದು ನಾನು ಅಧಿಕಾರಕ್ಕೆ ಬಂದ ದಿನದಿಂದ ಮಧ್ಯಾಹ್ನ ಒಂದೇ ಫ್ಯಾನು ಓಡಿಸುತ್ತಿದ್ದೆ, ಅದೂ ನನ್ನ ತಲೆಯ ಮೇಲಿನದು. ಅಕ್ಟೋಬರಿನ ಸೆಕೆಯಲ್ಲಿ ಅದರ ಗಾಳಿ ತಗಲಿದವರು ಆಡಳಿತ ಪಕ್ಷ, ತಗಲದವರು ವಿರೋಧ ಪಕ್ಷ.

ಉಡುಪಿ ಕಡೆಯ ಹಿರಿಯ ಸಪ್ಲಾಯರಣ್ಣ ಹೆಗಲ ಮೇಲಿನ ಬಟ್ಟೆಯಿಂದ ಕುತ್ತಿಗೆ ಒರೆಸಿಕೊಂಡು ಎದ್ದ. "ಸ್ಪೀಕರ್ ಭಟ್ರೇ, ಈ ಸಣ್ಣ ಧಣಿಯ ಸರ್ಕಾರದ ಮೇಲೆ ನಮಗೆ ವಿಶ್ವಾಸ ಇಲ್ಲ."

ನಾನು ಪುಸ್ತಕ ನೋಡಿ ಹೇಳಿದೆ: "ಹಾಗೆಲ್ಲ ಆಗೋದಿಲ್ಲ. ಬೆಂಬಲಕ್ಕೆ ಐವತ್ತು ಜನ ಎದ್ದು ನಿಲ್ಬೇಕು."

"ಐವತ್ತು ಜನ ಎಲ್ಲಿಂದ ತರೋದು?" ಭಟ್ಟರು ಒಳಗೆ ಇಣುಕಿದರು. "ನೆನೆಸಿದ ವಡೆ ಉಂಟು ಒಂದು ಬೇಸಿನ್. ಅದನ್ನೂ ಸೇರಿಸಿದ್ರೆ ಆಯ್ತು. ನಿರ್ಣಯ ಸ್ವೀಕರಿಸಿದ್ದೇನೆ!" ಸೌಟು ಢಣ್ ಎಂದಿತು.

ಚಾ ಮಾಡುವ ವಿಜಯಪುರದ ಕಾಕಾ ಕೈ ಎತ್ತಿದರು. "ಅಲ್ರೀ ಸಣ್ಣ ಧಣಿ, ಕಾರಣ ಏನಂತ ಹೇಳಬೇಕೇನ್ರಿ?"

ಪುಟ ತಿರುವಿದೆ. "ಅವಿಶ್ವಾಸಕ್ಕೆ ಕಾರಣ ಕೊಡ್ಬೇಕಂತ ಇಲ್ಲ ಕಾಕಾ."

"ಕಾರಣಾನೂ ಬ್ಯಾಡಾ! ಹಂಗಾದ್ರ ಭಾಳ ಚಲೋ ಕಾಯ್ದೆ ಐತಿ ಬಿಡ್ರಿ. ನಮ್ಮನ್ಯಾಗ ಇಂಥಾದ್ದೇ ನಡೀತದ."

ಕಾರಣ ಬೇಡವಾದರೂ ಭಾಷಣಗಳು ನಡೆದವು. ಸಪ್ಲಾಯರಣ್ಣ ಮಾತಾಡಿದ್ದು ಲೋಕಲ್ ಟ್ರೇನು ಮಲಾಡಿನಿಂದ ಚರ್ಚ್‌ಗೇಟಿಗೆ ಹೋಗಿ ವಾಪಸು ಬರುವಷ್ಟು ಹೊತ್ತು. ಸಾರಾಂಶ ಇಷ್ಟೇ: "ನಮ್ಮ ಬೆನ್ನಲ್ಲಿ ಇಡ್ಲಿ ಬೇಯ್ತದೆ, ಇವ್ರ ಕ್ರಾಪು ಗಾಳಿಗೆ ಹಾರ್ತದೆ!" ವಿರೋಧ ಪಕ್ಷ ಬೆಂಚು ಕುಟ್ಟಿತು. ನಾನು ವಿದ್ಯುತ್ ಉಳಿತಾಯ, ದೇಶದ ಭವಿಷ್ಯ ಎಂದೆಲ್ಲ ಉತ್ತರಿಸಿದೆ. ವಿಚಿತ್ರವೆಂದರೆ, ರಜೆಯಿಡೀ ತಲೆಗೆ ಹತ್ತದ ಪಾಠ ಬೈಸಿಕೊಳ್ಳುತ್ತ ಕೂತಾಗ ಸಾಲುಸಾಲಾಗಿ ನೆನಪಿನಲ್ಲಿ ಕೂತಿತು.

ಮತ ಹಾಕುವ ಹೊತ್ತಿಗೆ ಕಾಕಾ ಸ್ಟೂಲು ಎತ್ತಿಕೊಂಡು ಫ್ಯಾನಿನ ಅಡಿಯಿಂದ ಆಚೆಗೆ ಹೋದರು. ಹಾಡುಹಗಲೇ ಪಕ್ಷಾಂತರ! ಭಟ್ಟರು ಎತ್ತಿದ ಕೈಗಳನ್ನು ನೋಡಿದರು. ಎರಡೂ ಕಡೆ ಸಮ.

"ಸಮ ಆದ್ರೆ ಮಾತ್ರ ಸ್ಪೀಕರ್ ಮತ ಹಾಕ್ಬೇಕು," ಎಂದು ಪುಸ್ತಕ ಮುಚ್ಚಿಟ್ಟೇ ಹೇಳಿದೆ.

"ಅಯ್ಯೋ, ನನಗೆ ಯಾಕೆ ಈ ಪಂಚಾಯ್ತಿಕೆ? ಪ್ರಧಾನಿಯದ್ದು ಮತ ಇಲ್ವಾ?"

ಇತ್ತು. ನಾನೂ ಲೋಕಸಭೆಯ ಸದಸ್ಯನೇ, ಮತ ಹಾಕುವುದು ಬಾಕಿಯಿತ್ತು. ಎಲ್ಲರೂ ನನ್ನನ್ನೇ ನೋಡಿದರು. ನಾನು ಕೂತಿದ್ದ ಕುರ್ಚಿಯನ್ನು ನೋಡಿದೆ. ಸವೆದ ರೆಕ್ಸಿನ್ನು, ಅದರಲ್ಲಿ ನನ್ನ ಅಜ್ಜ ಮಾಡಿದ ಗುಂಡಿ, ಅಪ್ಪ ದೊಡ್ಡದು ಮಾಡಿದ ಗುಂಡಿ. ನಿಧಾನವಾಗಿ ಕೈ ಎತ್ತಿದೆ.

"ಸರ್ಕಾರದ ವಿರುದ್ಧ."

ಇಡೀ ಸದನ ಬಾಯಿ ಬಿಟ್ಟುಕೊಂಡಿತು. ಅಷ್ಟರಲ್ಲಿ ಮಾರ್ಕೆಟ್ಟಿನಿಂದ ತರಕಾರಿ ಚೀಲ ಹೊತ್ತು ಅಪ್ಪ ಒಳಗೆ ಬಂದರು. ಸಪ್ಲಾಯರಣ್ಣ ಟೇಬಲ್ಲು ಒರೆಸತೊಡಗಿದ. ಕಾಕಾ ಸ್ಟೂಲಿನ ಸಮೇತ ಮಾಯ. ಎತ್ತಿದ ಕೈ ಉಳಿದದ್ದು ನನ್ನದೊಂದೇ.

"ಎಂತ ಇದು?"

ಭಟ್ಟರು ಸೌಟನ್ನು ಬೆನ್ನ ಹಿಂದೆ ಅಡಗಿಸಿದರು. "ಸರ್ಕಾರ ಬಿತ್ತು ಧಣಿ. ಇವ್ರದ್ದು ನಾಳೆ ಪರೀಕ್ಷೆಯಂತಲ್ಲ, ಅದ್ಕೆ..."

ಅಪ್ಪ ಬಂದ್ ಆಗಿದ್ದ ಫ್ಯಾನುಗಳನ್ನು ನೋಡಿದರು, ಬೆವರಿದ ಮುಖಗಳನ್ನು ನೋಡಿದರು, ಕೊನೆಗೆ ನನ್ನನ್ನು.

"ಬಿದ್ದ ಮೇಲೆ ಪ್ರಧಾನಿ ಎಂತ ಮಾಡ್ಬೇಕು?"

"ರಾಜೀನಾಮೆ ಕೊಡ್ಬೇಕು."

"ಮತ್ತೆ ಇನ್ನೂ ಕೂತದ್ದು ಯಾಕೆ? ಏಳು. ಮನೆಗೆ ಹೋಗಿ ಓದು."

ಅಪ್ಪ ಚೀಲ ಇಳಿಸಿ, ಆ ಗುಂಡಿಯಲ್ಲಿ ಕೂತು, ಎಲ್ಲ ಸ್ವಿಚ್ಚುಗಳನ್ನೂ ಒತ್ತಿದರು. ಫ್ಯಾನುಗಳೆಲ್ಲ ಒಟ್ಟಿಗೆ ತಿರುಗಿದವು. ನಾನು ಪುಸ್ತಕ ಎತ್ತಿಕೊಂಡು, ಎದೆಯ ಮೇಲಿನ ಗ್ರೈಂಡರ್ ಕಲ್ಲು ಇಳಿಸಿದವನಂತೆ ರಸ್ತೆಗೆ ಇಳಿದೆ. ಹೊಸ ಸರ್ಕಾರ ಬರುವವರೆಗೆ ಬಿದ್ದ ಪ್ರಧಾನಿಯೇ ಕುರ್ಚಿ ನೋಡಿಕೊಳ್ಳುವುದು ನಮ್ಮ ದೇಶದ ಪದ್ಧತಿ. ಅದೂ ಆ ಪಾಠದಲ್ಲೇ ಇತ್ತು. ಆ ಪುಟವನ್ನು ಮಾತ್ರ ನಾನು ಯಾರಿಗೂ ಓದಿ ಹೇಳಲಿಲ್ಲ.