ಕಡೆಯ ಡಿವಿಡಿ

ಅಕ್ಕ ಗಂಡನ ಮನೆಗೆ ಹೊರಟ ದಿನ ಬೈಲಹೊಂಗಲದ ನಮ್ಮ ಪಡಸಾಲೆಯಲ್ಲಿ ಅಕ್ಕ, ಅವ್ವ, ನಾನು ಮತ್ತು ಡಿವಿಡಿ ಅಂಗಡಿಯ ಕಾಕಾ ಟಿವಿಯ ಮುಂದಿದ್ದೆವು. ಹೊರಗೆ ರಾಮದುರ್ಗದ ಬೀಗರ ಜೀಪು ಹಾರ್ನ್ ಹೊಡೆಯುತ್ತಿತ್ತು. ಕಾಕಾರ ಅಂಗಡಿಯಿಂದ ತಂದ ಜಪಾನಿನ ಪ್ರೇಮದ ಕಾರ್ಟೂನ್ ಸರಣಿಯಲ್ಲಿ ಅಕ್ಕನಿಗೆ ಕಡೆಯ ಡಿವಿಡಿಯೊಂದೇ ಉಳಿದಿತ್ತು. ಅದರಲ್ಲಿ ಜಗಳಗಂಟ ಹುಡುಗ ಕಡೆಗೂ ಹುಡುಗಿಗೆ ಮನಸ್ಸು ಬಿಚ್ಚಿ ಹೇಳಲು ಬಾಯಿ ತೆರೆದ, ಚಿತ್ರ ನಿಂತುಬಿಟ್ಟಿತು.

ಕಾಕಾ ಡಿವಿಡಿಯ ಗೀರು ಹೋಗಲೆಂದು ಹಲ್ಲುಜ್ಜುವ ಪೇಸ್ಟು ಹಚ್ಚಿ, ಕಿಸೆಯಲ್ಲಿದ್ದ ಹಳೆ ಬನಿಯನ್ ತುಂಡಿನಿಂದ ನಡುವಿನಿಂದ ಅಂಚಿಗೆ ಮೆಲ್ಲಗೆ ಒರೆಸಿದರು. ಮತ್ತೆ ಹಾಕಿದರೂ ಚಿತ್ರ ಅಲ್ಲೇ ನಿಂತಿತು. ಹಾರ್ನ್ ಇನ್ನೂ ಜೋರಾಯಿತು.

"ಮುಂದೇನಾತು, ನೀವರ ಹೇಳಿಬಿಡ್ರಿ ಕಾಕಾ!" ಅಕ್ಕನ ಕಣ್ಣು ತುಂಬಿತ್ತು.

"ಕತಿ ನೋಡಬೇಕು ತಂಗಿ, ಕೇಳಬಾರದು," ಎಂದರು ಕಾಕಾ. ಗಿರಾಕಿಗಳಿಗೆಲ್ಲ ಅವರು ಹೇಳುತ್ತಿದ್ದುದೂ ಅದನ್ನೇ.

"ಹೆಣ್ಮಕ್ಕಳು ತವರಮನಿ ಬಿಡಾಗ ಅಳತಾರ, ಇಕಿ ಕಾರ್ಟೂನಿಗಿ ಅಳಾಕತ್ಯಾಳ!" ಎಂದು ಅವ್ವ ಗದರಿ, ಉಡಿ ತುಂಬಿದಳು. ಅಕ್ಕ ಕಾಕಾರತ್ತ ತಿರುಗಿಯೂ ನೋಡದೆ ಜೀಪು ಹತ್ತಿದಳು. ಅವರು ಡಿವಿಡಿಯನ್ನು ಬಿಸಿಲಿಗೆ ಹಿಡಿದು ತಿರುಗಿಸುತ್ತ ಅಂಗಳದಲ್ಲೇ ನಿಂತರು.

ಮುಂದಿನ ವಾರ ಕಾಕಾ ಹುಬ್ಬಳ್ಳಿಯಿಂದ ಅದೇ ಕಡೆಯ ಭಾಗದ ಹೊಸ ಡಿವಿಡಿ ತಂದು, ಅಂಗಡಿಗೆ ಬೀಗ ಹಾಕಿ ರಾಮದುರ್ಗದ ಬಸ್ಸು ಹತ್ತಿದರು. ಅಕ್ಕನ ಜೊತೆ ಅವಳ ಅತ್ತೆಯೂ ಕುಳಿತು ನೋಡಿದರಂತೆ. ಮುಗಿದ ಮೇಲೆ ಅತ್ತೆ, "ಇದರ ಹಿಂದಿನ ಡಿವಿಡಿ ಎಲ್ಲಾ ಯಾವಾಗ ತರ್ತೀರಿ?" ಎಂದು ಕಾಕಾರನ್ನು ಕೇಳಿದರಂತೆ.