ಚೆನ್ನಬಸಪ್ಪ ಸಾಹುಕಾರರ ಗಿಟಾರು

ಚೆನ್ನಬಸಪ್ಪ ಸಾಹುಕಾರರು ಗಿಟಾರು ನುಡಿಸಲು ಕೂತರೆ ಮೊದಲು ಅದರ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಗಿಟಾರಿಗೆ ಹಣೆ ಎಲ್ಲಿಂದ ಬಂತು ಎಂದು ಕೇಳುವವರು ಅವರನ್ನು ಕಂಡವರಲ್ಲ. ತಂತಿ ಬಿಗಿಯುವ ಕಿವಿಗಳು ಇವೆ ಎಂದ ಮೇಲೆ ಅವುಗಳ ನಡುವೆ ಹಣೆ ಇರಲೇಬೇಕಲ್ಲ ಎಂಬುದು ಅವರ ವಾದ. ಮೂರು ಬೆರಳಿನಿಂದ ಅಡ್ಡಕ್ಕೆ ಎಳೆದು, ಬೆರಳಿಗೆ ಉಳಿದದ್ದನ್ನು ತಮ್ಮ ಹಣೆಗೆ ಒರೆಸಿಕೊಂಡು, ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಳ್ಳುತ್ತಿದ್ದರು. ಆಮೇಲೆ ಅಂಗಡಿಗೆ ಗಿರಾಕಿ ಬಂದರೂ ತಲೆ ಎತ್ತುತ್ತಿರಲಿಲ್ಲ.

ಲಿಂಗಸುಗೂರಿನ ಬಜಾರದಲ್ಲಿ ಅವರದು ಬಟ್ಟೆ ಅಂಗಡಿ. ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ನಾನು ಆ ಊರಿನ ಶಾಲೆಗೆ ಮಾಸ್ತರನಾಗಿ ಹೋದೆ. ನನಗೆ ಅಷ್ಟಿಷ್ಟು ತಬಲಾ ಬರುತ್ತದೆ ಎಂದು ಗೊತ್ತಾದದ್ದೇ ತಡ, ಸೋಮವಾರದ ಭಜನೆಗೆ ನನ್ನನ್ನು ಎಳೆದುಕೊಂಡವರೂ ಅವರೇ. ಆಗಿನ್ನೂ ಅವರ ಕೈಯಲ್ಲಿ ಏಕತಾರಿ. ಪದ ಎತ್ತುವವರು ಅವರ ತಾಯಿ ನೀಲಮ್ಮ. ಅರವತ್ತು ದಾಟಿದ ಆ ಮುದುಕಿಯ ದನಿ ಎಷ್ಟು ಗಟ್ಟಿ ಎಂದರೆ, ಅವರು ಒಂದು ಸಾಲು ಎತ್ತಿದರೆ ಬೀದಿಯಾಚೆಯ ಮನೆಯವರೂ ಎರಡನೆಯ ಸಾಲಿಗೆ ದನಿಗೂಡಿಸುತ್ತಿದ್ದರು.

ಅದೇ ವರ್ಷ, ಮದುವೆಗಳ ಹಂಗಾಮಿಗೆ ಮೊದಲು, ಅಂಗಡಿಗೆ ಬಟ್ಟೆ ತರಲು ಸಿಕಂದರಾಬಾದಿಗೆ ಹೋದ ಸಾಹುಕಾರರು ಅಲ್ಲಿ ಯಾರೋ ದೋಸ್ತರ ಜೊತೆ ಒಬ್ಬ ಗಿಟಾರು ವಾದಕನ ಕಛೇರಿಗೆ ಹೋದರು. ತಿರುಗಿ ಬರುವಾಗ ಬಟ್ಟೆಯ ಗಂಟಿನ ನಡುವೆ, ತೆಳ್ಳನೆಯ ಮಲ್ಲು ಪಂಚೆಯಲ್ಲಿ ಸುತ್ತಿದ ಒಂದು ಗಿಟಾರು ಇತ್ತು. ಆ ಸಂಜೆಯ ಕಥೆಯನ್ನು ನಾನು ನೂರು ಸಲವಾದರೂ ಕೇಳಿರಬೇಕು.

"ಆ ಮನಷ್ಯಾ ಕರಿ ಸೂಟು ಹಾಕ್ಕೊಂಡು ಕುರ್ಚಿ ಮ್ಯಾಲೆ ಕುಂತಿದ್ದ, ಮಾಸ್ತರ. ಎಡಗೈಯಾಗ ಒಂದು ಉಕ್ಕಿನ ತುಂಡು. ಅದನ್ನ ತಂತಿ ಮ್ಯಾಲೆ ಹಿಂಗ ಜಾರಿಸಿದ ನೋಡ್ರಿ, ಹೆಣ್ಣುಮಗಳು ಗಂಡನ ಮನಿಗೆ ಹೊಂಟಾಗ ಅಳ್ತಾಳಲ್ಲ, ಹಂಗ ಬಂತು ದನಿ. ಅವ ಬಾಯಿ ತೆರೀಲಿಲ್ಲ. ಮುನ್ನೂರು ಮಂದಿ ಕುಂತಿದ್ರು, ಅವರೂ ಬಾಯಿ ತೆರೀಲಿಲ್ಲ. ಬಿಲ್ಕುಲ್ ಖಾಮೋಷ್. ಬರೇ ತಂತಿ ಮಾತಾಡ್ತು."

ಆ ಮುನ್ನೂರು ಮಂದಿ ವರ್ಷ ಕಳೆದಂತೆ ಐನೂರಾಗಿ, ಆಮೇಲೆ ಸಾವಿರವಾದರು. ಆದರೆ ಅವರ ಮೌನ ಮಾತ್ರ ಸಾಹುಕಾರರ ಕಥೆಯಲ್ಲಿ ಒಮ್ಮೆಯೂ ಕೆಡಲಿಲ್ಲ. ನಿಜ ಹೇಳಬೇಕೆಂದರೆ ಗಿಟಾರಿಗಿಂತ ಹೆಚ್ಚಾಗಿ ಆ ಮೌನವೇ ಅವರಿಗೆ ಹುಚ್ಚು ಹಿಡಿಸಿತ್ತು. ಒಮ್ಮೆ, ಒಂದೇ ಒಂದು ಸಲ, ನಮ್ಮ ಮಂದಿ ಹಾಗೆ ಸುಮ್ಮನೆ ಕೂತು ತಮ್ಮ ತಂತಿಯ ದನಿ ಕೇಳಬೇಕು ಎಂಬುದೇ ಅವರ ಆಸೆ.

ಕಲಿಸುವವರು ಯಾರೂ ಇರಲಿಲ್ಲ. ಆರೂ ತಂತಿಗಳನ್ನು ಅವರು ಏಕತಾರಿಯ ಹಾಗೆ ತಾಯಿಯ ದನಿಗೆ ಕೂಡಿಸಿಕೊಂಡರು. ಉಕ್ಕಿನ ತುಂಡಿನ ಬದಲು, ನೀಲಮ್ಮನವರು ಎಲೆ ಅಡಿಕೆ ಕುಟ್ಟುತ್ತಿದ್ದ ಸಣ್ಣ ಕಬ್ಬಿಣದ ಗುಂಡು. ಹಲ್ಲಿಲ್ಲದ ನೀಲಮ್ಮನವರು ಮಧ್ಯಾಹ್ನದ ಊಟ ಮುಗಿಸಿ ಒಳಗಿನಿಂದ ಕೂಗುತ್ತಿದ್ದರು: "ಲೇ ಚೆನ್ನಾ, ನಿನ್ನ ಸಂಗೀತ ಮುಗೀತಂದ್ರ ನನ್ನ ಗುಂಡು ಕೊಡು." ಮಗ ಅದನ್ನು ಪಂಚೆಗೆ ಒರೆಸಿ ಒಳಗೆ ಕಳಿಸುತ್ತಿದ್ದರು. ಹೀಗೆ ಎರಡು ವರ್ಷ ಸಾಧನೆ ನಡೆಯಿತು. ಮೊದಲು ಬೆಕ್ಕು ಅತ್ತಂತೆ ಇದ್ದದ್ದು ಬರಬರುತ್ತಾ ನಿಜಕ್ಕೂ ಕೇಳುವಂತಾಯಿತು.

ಮೊದಲ ಕಛೇರಿ ಅಮಾವಾಸ್ಯೆಯ ದಿನ, ಅಂಗಡಿ ಮುಚ್ಚಿದ್ದಾಗ, ಮನೆಯ ಅಂಗಳದಲ್ಲಿ. ನಲವತ್ತು ಮಂದಿ ಬಂದಿದ್ದರು. ಎಲ್ಲರಿಗೂ ಗೊತ್ತಿದ್ದ ಒಂದು ತತ್ವಪದವನ್ನು ಸಾಹುಕಾರರು ಆರಿಸಿಕೊಂಡಿದ್ದರು. ಅದೇ ಅವರ ತಪ್ಪು. ಮೊದಲ ಸಾಲು ತಂತಿಯಲ್ಲಿ ಮುಗಿಯುವುದರೊಳಗೆ ಒಳಗೆ ರೊಟ್ಟಿ ಬಡಿಯುತ್ತಿದ್ದ ನೀಲಮ್ಮನವರು ಎರಡನೆಯ ಸಾಲು ಎತ್ತಿಯೇಬಿಟ್ಟರು. ನಲವತ್ತೂ ಮಂದಿ ಕಣ್ಣು ಮುಚ್ಚಿ, ತಾಳ ಹಾಕುತ್ತಾ ಹಾಡತೊಡಗಿದರು. ನಾನೂ ಹಾಡಿದೆ, ಸುಳ್ಳೇಕೆ ಹೇಳಲಿ. ಗಿಟಾರಿನ ದನಿ ಎಲ್ಲಿ ಹೋಯಿತೋ ಆ ಪರಮಾತ್ಮನಿಗೇ ಗೊತ್ತು. ಕೊನೆಗೆ ಎಲ್ಲರೂ ಸಾಹುಕಾರರ ಕೈ ಹಿಡಿದು, ಇಷ್ಟು ಒಳ್ಳೆಯ ಶ್ರುತಿಗೆ ತಾವು ಎಂದೂ ಹಾಡಿರಲಿಲ್ಲ ಎಂದು ಹೊಗಳಿ ಹೋದರು.

ಅವರೆಲ್ಲ ಹೋದ ಮೇಲೆ ಸಾಹುಕಾರರು ತಾಯಿಯ ಮೇಲೆ ಸಿಟ್ಟಾದರು. ನೀಲಮ್ಮನವರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತರು.

"ಶರಣರ ಪದ ಕಿವಿಗೆ ಬಿದ್ದಮ್ಯಾಲೆ ಬಾಯಿ ಮುಚ್ಕೊಂಡು ಕುಂದ್ರೋದು ಅದ್ಯಾವ ಭಕ್ತಿನೋ ಯಪ್ಪಾ? ಹಂಗ ಕುಂತ್ರ ಪದಕ್ಕ ಅವಮಾನ ಅಲ್ಲೇನು?"

ನಮ್ಮ ಸೀಮೆಯಲ್ಲಿ ಪದ ಎಂದರೆ ಎಲ್ಲರ ಬಾಯಿಗೂ ಸೇರಿದ್ದು. ಒಬ್ಬ ಶುರು ಮಾಡಿದ್ದನ್ನು ಉಳಿದವರು ಎತ್ತಿಕೊಳ್ಳದಿದ್ದರೆ ಅವನನ್ನು ನಡುದಾರಿಯಲ್ಲಿ ಬಿಟ್ಟ ಹಾಗೆ.

ಹಾಗಾದರೆ ಯಾರಿಗೂ ಗೊತ್ತಿಲ್ಲದ್ದನ್ನು ನುಡಿಸಬೇಕು ಎಂದು ಸಾಹುಕಾರರು ಲೆಕ್ಕ ಹಾಕಿದರು. ತಾವೇ ಒಂದು ಹೊಸ ಧಾಟಿ ಕಟ್ಟಿ, ಆರು ತಿಂಗಳು ತಿದ್ದಿದರು. ಆಗ ಸಿಂಧನೂರಿನಲ್ಲಿ ಒಂದು ನಾಟಕ ಕಂಪನಿ ಬೀಡು ಬಿಟ್ಟಿತ್ತು. ಕಂಪನಿಯ ಮಾಲೀಕ ಇವರ ಅಂಗಡಿಯ ಹಳೆಯ ಗಿರಾಕಿ. ಆಟಕ್ಕೆ ಮೊದಲು ಕಾಲು ಗಂಟೆ ತಾವು ನುಡಿಸಲು ಅವನನ್ನು ಒಪ್ಪಿಸಿ, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ಟೆಂಟು ತುಂಬಿತ್ತು. ಕಾಲುವೆ ತೋಡುವ ಕೆಲಸಕ್ಕೆ ಬಂದವರು, ಹತ್ತಿರದ ಗೊರೇಬಾಳದ ರೈತರು, ಬಜಾರದ ವ್ಯಾಪಾರಿಗಳು ಎಲ್ಲ ಇದ್ದರು. ಸಾಹುಕಾರರು ನುಡಿಸಿದರು. ಅಷ್ಟು ಚೆನ್ನಾಗಿ ಅವರು ನುಡಿಸಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಬ್ಬರೂ ಮಾತಾಡಲಿಲ್ಲ. ಐದು ನಿಮಿಷ, ಹತ್ತು ನಿಮಿಷ, ಅದೇ ಮೌನ. ಸಾಹುಕಾರರ ಮುಖ ಅರಳಿಬಿಟ್ಟಿತ್ತು. ಅವರು ಕೈ ನಿಲ್ಲಿಸಿ ತಲೆ ಎತ್ತಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಬಹಳ ಮರ್ಯಾದೆಯಿಂದ ಹೇಳಿದರು:

"ಶ್ರುತಿ ಭಾಳ ಚಲೋ ಕೂಡ್ಯಾದ ಬಿಡ್ರಿ ಸಾವ್ಕಾರ್ರ. ಇನ್ನ ಹಾಡು ಶುರು ಮಾಡ್ರಿ."

ಮರುದಿನ ನಮ್ಮ ಬಸ್ಸು ಮಸ್ಕಿ ದಾಟಿತು. ಸಾಹುಕಾರರು ಒಮ್ಮೆಗೇ ನಗತೊಡಗಿ, ನಕ್ಕೂ ನಕ್ಕೂ ತಲೆಗೆ ಸುತ್ತಿದ ಪಟಕಾದ ತುದಿಯಿಂದ ಕಣ್ಣು ಒರೆಸಿಕೊಂಡರು. "ಅವರದೇನು ತಪ್ಪಿಲ್ಲ ಮಾಸ್ತರ. ನಾವು ಏಳು ತಲಿಯಿಂದ ತಂತಿ ಮೀಟಿದ್ದು ಹಾಡಾಕ. ಬರೇ ತಂತಿ ಅಂದ್ರ ಅವರಿಗೆ ತಯಾರಿನೇ."

ಮೂರನೆಯ ಕಛೇರಿ 1956ರ ಶ್ರಾವಣದಲ್ಲಿ. ನನಗೆ ಬೀದರಿನ ಕಡೆಗೆ ವರ್ಗವಾಗಿತ್ತು. ನೀವು ಹೋಗುವ ಮೊದಲು ಮಸ್ಕಿಯ ಮಠದಲ್ಲಿ ಒಂದು ಸಂಜೆ ನುಡಿಸುತ್ತೇನೆ, ನೀವು ಇರಲೇಬೇಕು ಎಂದರು ಸಾಹುಕಾರರು. ಈ ಸಲ ಎಲ್ಲರಿಗೂ ಗೊತ್ತಿರುವ ತತ್ವಪದವನ್ನೇ ನುಡಿಸುವುದು, ಆದರೆ ಯಾರೂ ಹಾಡಬಾರದು. ನೀಲಮ್ಮನವರು ಬಾಯಿ ತೆರೆಯದಿದ್ದರೆ ಉಳಿದವರೂ ತೆರೆಯುವುದಿಲ್ಲ ಎಂದು ನಮಗೆ ಗೊತ್ತಿತ್ತು. ತಾಯಿಗೆ ತಾವೇ ಹೇಳಲು ಅವರಿಗೆ ಧೈರ್ಯವಿರಲಿಲ್ಲ. ಆ ಕೆಲಸ ನನ್ನ ತಲೆಗೆ ಬಂತು.

ನೀಲಮ್ಮನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾ ಏನು ಕಲ್ಲೇನೋ ಮಾಸ್ತರ, ಕೇಳಿ ಸುಮ್ಕ ಕುಂದ್ರಾಕ?"

ನಾನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಮತ್ತೆ ಕರೆದರು. "ಅವಂಗ ಅಷ್ಟು ಆಸೆ ಐತೇನು?"

"ಏಳು ವರ್ಷದಿಂದ ಐತ್ರಿ ಯವ್ವಾ."

ಅವರು ಗುಂಡು ಎತ್ತಿಕೊಂಡು ಎಲೆ ಅಡಿಕೆ ಕುಟ್ಟತೊಡಗಿದರು.

ಮಠದಲ್ಲಿ ಅವರು ಹೆಂಗಸರ ಮುಂದಿನ ಸಾಲಿನಲ್ಲಿ, ಮಗನಿಗೆ ಎದುರಾಗಿ ಕೂತರು. ಸಾಹುಕಾರರು ಪದ ಶುರು ಮಾಡಿದರು. ಮೊದಲ ಸಾಲು ಮುಗಿಯಿತು. ಎಲ್ಲರೂ ನೀಲಮ್ಮನವರ ಕಡೆ ನೋಡಿದರು. ಅವರು ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡರು. ಹಾಡಲು ಬಾಯಿ ತೆರೆದಿದ್ದವರು ಹಾಗೆಯೇ ಮುಚ್ಚಿಕೊಂಡರು. ನಾನು ತಬಲಾದಿಂದ ಕೈ ತೆಗೆದುಬಿಟ್ಟೆ.

ಆಗ ನಾನು ಕೇಳಿದ್ದನ್ನು ಹೇಗೆ ಹೇಳಲಿ? ಹುಟ್ಟಿದಾಗಿನಿಂದ ಬಾಯಿಪಾಠವಾಗಿದ್ದ ಪದ ಅದು. ಅದರ ಮಾತುಗಳಿಲ್ಲದೆ, ಬರೀ ದನಿಯಾಗಿ ಅದು ಮಠದ ತುಂಬ ಓಡಾಡಿತು. ಎರಡು ನುಡಿ ಹೀಗೆ ನಡೆದವು. ನನಗೆ ಅಳು ಬಂತು, ಪಕ್ಕದಲ್ಲಿದ್ದ ತಾಳದವನಿಗೂ ಬಂತು. ದೊಡ್ಡ ದೊಡ್ಡ ವಿದ್ವಾಂಸರನ್ನು ಆಮೇಲೆ ಕೇಳಿದ್ದೇನೆ; ಅಂಥದ್ದನ್ನು ಮತ್ತೆ ಕೇಳಲಿಲ್ಲ.

ಮೂರನೆಯ ನುಡಿಗೆ ಸಾಹುಕಾರರು ತಲೆ ಎತ್ತಿ ತಾಯಿಯನ್ನು ನೋಡಿದರು. ನೀಲಮ್ಮನವರ ಕಣ್ಣಿಂದ ನೀರು ಇಳಿಯುತ್ತಿತ್ತು, ಸೆರಗು ಇನ್ನೂ ಬಾಯಿಗೇ ಇತ್ತು. ಸಾಹುಕಾರರ ಕೈ ತಂತಿಯ ಮೇಲೆ ಒಂದು ಗಳಿಗೆ ತಡೆಯಿತು. ಆಮೇಲೆ ತಾವೇ ಗಂಟಲೆತ್ತಿ ಹಾಡಿಬಿಟ್ಟರು. ಅವರ ದನಿ ಹರಕು, ಶ್ರುತಿಗೆ ಸೇರುತ್ತಿರಲಿಲ್ಲ. ನೀಲಮ್ಮನವರು ಸೆರಗು ಬಿಟ್ಟು ಎರಡನೆಯ ಸಾಲು ಎತ್ತಿಕೊಂಡರು, ಅವರ ಹಿಂದೆ ಇಡೀ ಮಠ.

ಮರುದಿನ ಬೆಳಿಗ್ಗೆ ನನ್ನ ಟ್ರಂಕು ಬಸ್ಸಿಗೆ ಏರಿಸಲು ಸಾಹುಕಾರರೇ ಬಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಮೂರು ವರ್ಷದ ನಂತರ ಅವರು ತೀರಿಕೊಂಡ ಸುದ್ದಿ ಒಂದು ಕಾರ್ಡಿನಲ್ಲಿ ಬಂತು. ಆದರೆ ಆ ಬೆಳಿಗ್ಗೆ ಅವರು ಹಿಂದಿನ ಸಂಜೆಯ ಸಂತೋಷದಲ್ಲೇ ಇದ್ದರು. ನಾನು ಕಿಟಕಿಯಿಂದ ಕೆಣಕಿದೆ:

"ಏಳು ವರ್ಷ ಕಾದ್ರಿ. ಮಂದಿ ಸುಮ್ನ ಕುಂತಾಗ ನೀವ ಹಾಡಿ ಕೆಡಿಸಿದ್ರಲ್ರೀ ಸಾವ್ಕಾರ್ರ."

ಅವರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಬಸ್ಸು ಶುರುವಾದರೂ ಬಿಡಲಿಲ್ಲ.

"ಏನ್ ಮಾಡ್ಲಿ ಮಾಸ್ತರ, ಸಿಕಂದರಾಬಾದಿನಾಗ ಸುಮ್ನ ಕುಂತವರೊಳಗ ನಮ್ಮವ್ವ ಇರಲಿಲ್ಲಲ್ಲ."