ಚಿಕ್ಕಪ್ಪ ನೋಡದ ಲುಂಬಿನಿ

ನಿಯಮ ನನಗೆ ಗೊತ್ತಿತ್ತು, ಚಿಕ್ಕಪ್ಪ. ಲುಂಬಿನಿಯಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸಬಾರದೆಂದು, ನಾವು ಊರು ಬಿಡುವ ಮೊದಲೇ ಓದಿದ್ದೆ. ಓದಿದ ಮೇಲೂ ನಿಮಗೆ ಸುಳ್ಳು ಹೇಳಿದೆ.

ಇದನ್ನು ನಿಮ್ಮೆದುರು ಕೂತು ಹೇಳಬೇಕಿತ್ತು. ಮಾತು ನನಗೆ ಮೊದಲಿನಿಂದಲೂ ಕಷ್ಟ. ಬರೆದರೆ ಅರ್ಧಕ್ಕೆ ಎದ್ದು ಓಡಲಾರೆ ಎಂದು ಬರೆಯುತ್ತಿದ್ದೇನೆ.

ಸೊಕ್ಕೆಯ ನಮ್ಮ ಬೌದ್ಧ ಮನೆಗಳವರೆಲ್ಲ ಒಂದು ಬಸ್ಸು ಮಾಡಿಕೊಂಡು ನೇಪಾಳಕ್ಕೆ ಹೊರಟಾಗ, ಅದು ಬೇರೆ ದೇಶವೆಂದು ಯಾರಿಗೂ ಅನ್ನಿಸಿರಲಿಲ್ಲ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ನಮ್ಮದೇ ಬಸ್ಸು, ನಮ್ಮದೇ ರೊಟ್ಟಿ, ಚಟ್ನಿಪುಡಿ. ಅನುಮಾನ ಬಂದದ್ದು ನಿಮಗೊಬ್ಬರಿಗೇ. ಮದುವೆಗಳ ಚಿತ್ರ ತೆಗೆಯುವ ನಿಮ್ಮ ಡ್ರೋನನ್ನು ನನ್ನ ಮುಂದಿಟ್ಟು ಕೇಳಿದಿರಿ: “ಅಲ್ಲಿ ರೂಲ್ಸ್ ಏನೈತೆ ನೋಡವ್ವ. ಇಂಗ್ಲಿಷ್ ನನ್ ತಲೆಗೆ ಹತ್ತಲ್ಲ. ಬ್ಯಾಡ ಅಂದ್ರೆ ಇಲ್ಲೇ ಬಿಟ್ಟು ಹೋಗಾನ.”

ಮೊದಲೇ ಅರ್ಜಿ ಹಾಕಬೇಕಿತ್ತು, ಗಡಿಯಲ್ಲಿ ತಿಳಿಸಬೇಕಿತ್ತು. ಪರಿಚಯವಿಲ್ಲದ ಕಚೇರಿಗೆ ಫೋನ್ ಮಾಡುವುದನ್ನು ನಾಳೆ, ನಾಳಿದ್ದು ಎಂದು ಮುಂದೂಡಿದೆ — ಕೇಳುವುದಕ್ಕಿಂತ ಸುಮ್ಮನಿರುವುದು ನನಗೆ ಸುಲಭ. ಜೊತೆಗೊಂದು ಆಸೆಯೂ ಇತ್ತು: ಬಿಳಿ ಸೀರೆಯುಟ್ಟ ನಮ್ಮೂರಿನ ಹೆಂಗಸರು ಸಾಲಾಗಿ ಲುಂಬಿನಿಯ ಉದ್ಯಾನದೊಳಗೆ ನಡೆದುಹೋಗುವುದನ್ನು ಮೇಲಿನಿಂದ ನೋಡಬೇಕು. “ಏನೂ ತೊಂದರೆ ಇಲ್ಲ, ತಗೊಂಡು ಬನ್ನಿ” ಎಂದೆ.

ಲುಂಬಿನಿಯಲ್ಲಿ ನೀವು ಹಾರಿಸಿದ ಡ್ರೋನ್ ಮರಗಳ ಮೇಲಕ್ಕೇರಿದ್ದಷ್ಟೆ. ಸೀಟಿ ಕೇಳಿಸಿತು. ಕಾವಲಿನವರು ಓಡಿಬಂದರು, ಹಿಂದೆಯೇ ಒಬ್ಬ ಪೊಲೀಸ್ ಅಧಿಕಾರಿ. ಇಲ್ಲಿನ ನಿಯಮ ಗೊತ್ತಿಲ್ಲವೇ ಎಂದು ಅವರು ಹಿಂದಿಯಲ್ಲಿ ಕೇಳಿದಾಗ ನೀವು ನನ್ನತ್ತ ತಿರುಗಿದಿರಿ.

“ಓದಿದ್ಯಲ್ಲವ್ವಾ?”

“ಓದಿದ್ದೆ ಚಿಕ್ಕಪ್ಪ. ಅದರಲ್ಲಿ ಇಂಥದ್ದೇನೂ ಇರಲಿಲ್ಲ.”

ನೀವು ರಿಮೋಟನ್ನು ಅಧಿಕಾರಿಯ ಕೈಗಿಟ್ಟು, ಬರುವಷ್ಟು ಹಿಂದಿಯಲ್ಲಿ, ಹುಡುಗಿಯದೇನೂ ತಪ್ಪಿಲ್ಲ, ಹಾರಿಸಿದವನು ನಾನು ಎಂದಿರಿ. ಆಮೇಲೆ ನಮಗೆ ಕೈಸನ್ನೆ ಮಾಡಿದಿರಿ. “ನೀವು ನಡೀರಿ, ದರ್ಶನ ಮಾಡ್ಕೊಳ್ರಿ. ನಾನು ಹಿಂದಗಡೆ ಬರ್ತೀನಿ.”

ನೀವು ಬರಲಿಲ್ಲ. ಠಾಣೆಯಲ್ಲಿ ವಿಚಾರಣೆ, ಹೇಳಿಕೆ, ಮೇಲಿನವರಿಗಾಗಿ ಕಾಯುವುದು — ಅಷ್ಟರಲ್ಲಿ ಬಸ್ಸು ಹೊರಡುವ ಹೊತ್ತಾಯಿತು. ಅಧಿಕಾರಿ ಒಳ್ಳೆಯವರು, ನಿಮಗೆ ಚಹಾ ಕೊಟ್ಟು, ಚಿತ್ರ ಅಳಿಸಿ, ಬುದ್ಧಿ ಹೇಳಿ ಡ್ರೋನ್ ಹಿಂದಿರುಗಿಸಿದರು. ಮನೆಮನೆ ತಿರುಗಿ ಯಾತ್ರೆಗೆ ಜನ ಕೂಡಿಸಿದವರು ನೀವು. ಬುದ್ಧ ಹುಟ್ಟಿದ ಜಾಗದ ಮಂದಿರದೊಳಗೆ ಕಾಲಿಡದೆ ಮರಳಿದವರೂ ನೀವೊಬ್ಬರೇ. ಒಳಗೆ ಫೋಟೊ ತೆಗೆಯುವಂತಿಲ್ಲ. ನಿಮಗೆ ತೋರಿಸಲು ಯಾರ ಬಳಿಯೂ ಏನೂ ಇರಲಿಲ್ಲ.

ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕೇಳಿದಿರಿ: “ಹುಟ್ಟಿದ ಜಾಗದಾಗೆ ಒಂದು ಕಲ್ಲು ಐತಂತಲ್ಲ, ಹೆಂಗೈತೆ?” ತಲೆ ತಗ್ಗಿಸಿ ಸಾಲಿನಲ್ಲಿ ಸಾಗಿದ್ದ ನಾನು ಅದನ್ನು ನೋಡಿಯೇ ಇರಲಿಲ್ಲ. “ಚೆನ್ನಾಗಿದೆ” ಎಂದೆ. ನೀವು ಕಣ್ಣು ಮುಚ್ಚಿ ಕೈಮುಗಿದಿರಿ — ನನ್ನ ಸುಳ್ಳಿಗೆ.

ಆ ಕಥೆ ಊರೂರು ತಿರುಗಿತು. ನಾನೂ ನಿಮ್ಮ ಜೊತೆ ಬಂದಿದ್ದ ಹೊನ್ನಾಳಿಯ ಮದುವೆಯೊಂದರಲ್ಲಿ ವರನ ಸೋದರಮಾವ ಊಟದ ಪಂಕ್ತಿಯಿಂದಲೇ ಕೂಗಿದ್ದರು: “ಕ್ಯಾಮ್ರಾದೋರೇ, ಹಾರ್ಸಾಕೆ ಪರ್ಮಿಷನ್ ಐತೇನ್ರಿ? ನೇಪಾಳದ ಪೊಲೀಸ್ನೋರು ಬಂದಾರು ಮತ್ತೆ!” ಎಲ್ಲರೂ ನಕ್ಕರು. “ಬಂದ್ರೆ ಅವರಿಗೂ ಒಂದೊಂದು ಎಲೆ ಹಾಕ್ಸ್ರಿ” ಎಂದು ನೀವೂ ನಕ್ಕಿರಿ. ನ್ಯಾಮತಿಯವರೊಬ್ಬರು ಮಾತ್ರ ನಗಲಿಲ್ಲ. ಕಾನೂನು ತಿಳಿಯದವರು ಬೇಡವೆಂದು ಮಗಳ ಮದುವೆಗೆ ಬೇರೆಯವರನ್ನು ಕರೆಸಿಕೊಂಡರು. ಆಗಲೂ ನನ್ನ ಹೆಸರು ನಿಮ್ಮ ಬಾಯಿಂದ ಹೊರಡಲಿಲ್ಲ. ನಾನು ಬಾಯಿ ಬಿಡಬಹುದಿತ್ತು, ಅಂದೇ, ಆ ಪಂಕ್ತಿಯಲ್ಲೇ...

ಈಗ ನಾನು ಭೂಮಿ ಅಳೆಯುವ ಕೆಲಸಕ್ಕಾಗಿ ಡ್ರೋನ್ ಹಿಡಿದು ಹೊರದೇಶಗಳಿಗೆ ಹೋಗುತ್ತೇನೆ. ಮೊದಲು ಅರ್ಜಿ ಹಾಕುತ್ತೇನೆ, ಉತ್ತರ ಬರುವವರೆಗೂ ಕಾಯುತ್ತೇನೆ, ಇಳಿದ ಕೂಡಲೇ ನಾನಾಗಿಯೇ ಚೀಲ ತೆರೆದು ತೋರಿಸುತ್ತೇನೆ. ಶ್ರೀಲಂಕಾದ ಹಳ್ಳಿಯೊಂದರಲ್ಲಿ, ಕೆರೆಯ ಮೇಲೆ ಹಾರಿಸಬೇಡಿ ಎಂದು ಊರವರು ಹೇಳಿದರು. ಡ್ರೋನ್ ಚೀಲದಲ್ಲೇ ಉಳಿಯಿತು. ಆ ಕೆರೆಯ ಅಂಚನ್ನು ನಡೆದೇ ಅಳೆದೆವು. ಜೊತೆಯವರು ನನ್ನ ಶಿಸ್ತನ್ನು ಹೊಗಳುವಾಗ ನಾಚಿಕೆಯಾಗುತ್ತದೆ. ಇನ್ನೊಬ್ಬರ ನೆಲದಲ್ಲಿ ಅವರ ಮಾತಿಗೆ ತಲೆಬಾಗುವುದನ್ನು ನನಗೆ ಕಲಿಸಿದ್ದು, ಎದುರಾಡದೆ ಆ ಠಾಣೆಗೆ ನಡೆದುಹೋದ ನೀವು. ನಿಮ್ಮ ಡ್ರೋನ್ ಹಿಡಿದು ಕಲಿತ ಈ ಕೆಲಸ, ಈ ಓಡಾಟ, ಬೇರೆ ದೇಶದ ಅಧಿಕಾರಿಯ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುವ ಧೈರ್ಯ — ಎಲ್ಲ ನೀವು ಕೊಟ್ಟದ್ದು. ಇಷ್ಟು ದೊಡ್ಡದನ್ನು ಪಡೆದು ಒಂದು ಸಲವೂ ಬಾಯಿಬಿಟ್ಟು ಕೃತಜ್ಞತೆ ಹೇಳಲಿಲ್ಲ. ಹೇಳಿದ್ದರೆ ನಿಜವನ್ನೂ ಹೇಳಬೇಕಾಗುತ್ತಿತ್ತು.

ಈ ಭಾನುವಾರ ನಮ್ಮ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಎಲ್ಲರೆದುರು ನಿಂತು ಹೇಳುತ್ತೇನೆ. ನ್ಯಾಮತಿಯ ಆ ಮನೆಗೂ ಹೋಗುತ್ತೇನೆ. ನನ್ನನ್ನು ತಡೆಯಲು ನೀವು ಏಳುತ್ತೀರಿ, ಗೊತ್ತು. ದಯವಿಟ್ಟು ಏಳಬೇಡಿ, ಚಿಕ್ಕಪ್ಪ — ನಾನು ಮುಗಿಸುವವರೆಗೆ ಕೂತು ಕೇಳಿ.